ಕರು ತಾಯಿಯ ಸಬ್‌ಕ್ಲಾಸ್ ಅಲ್ಲ

ಪ್ರೋಗ್ರಾಮಿಂಗ್‌ಗೆ ಹೊಸಬರಾದವರಿಗೆ ಇನ್‌ಹೆರಿಟೆನ್ಸ್ ತಿಳಿಸಲು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಅಪ್ಪನ ಗುಣ ಮಗನಿಗೆ ಬಂದಂತೆ ಒಂದು ಕ್ಲಾಸಿನ ಗುಣ ಇನ್ನೊಂದಕ್ಕೆ ಬರುತ್ತದೆ. ಕೇಳಲು ಸಲೀಸು. ಆದರೆ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವನ್ನು ನೆನೆದು ಪರೀಕ್ಷಿಸಿದರೆ ಈ ಹೋಲಿಕೆ ನಿಲ್ಲುವುದಿಲ್ಲ. ತಳಿ ಉಳಿಸುವ ಕೆಲಸಕ್ಕೆ ಪ್ರತಿ ರಾಸಿನ ಲೆಕ್ಕವೂ ಬೇಕು: ಅದರ ಗುರುತು, ಹುಟ್ಟಿದ ದಿನ, ತಾಯಿ ಯಾವುದು, ಹೋರಿ ಯಾವುದು. ಇದನ್ನೇ ಪ್ರೋಗ್ರಾಮಿಗೆ ಇಳಿಸಿದರೆ ಕರುವೂ ತಾಯಿಯೂ ಒಂದೇ ಕ್ಲಾಸಿನ ಎರಡು ಆಬ್ಜೆಕ್ಟ್‌ಗಳು. ‘ತಾಯಿ’ ಎಂಬುದು ಕರುವಿನ ದಾಖಲೆಯಲ್ಲಿ ಒಂದು ಕಾಲಂ ಅಷ್ಟೇ. ಅದು ಇನ್ನೊಂದು ದಾಖಲೆಯತ್ತ ಬೆರಳು ತೋರುತ್ತದೆ. ಇನ್‌ಹೆರಿಟೆನ್ಸ್ ಇರುವುದು ಕ್ಲಾಸುಗಳ ನಡುವೆ, ರಾಸುಗಳ ನಡುವೆ ಅಲ್ಲ. ತಾಯಿಯ ಕೊಂಬು ಮುರಿದರೆ ಕರುವಿನ ಕೊಂಬು ಮುರಿಯದು. ಆದರೆ ಮೇಲಿನ ಕ್ಲಾಸಿನಲ್ಲಿ ಒಂದು ಸಾಲು ತಿದ್ದಿದರೆ ಕೆಳಗಿನ ಸಬ್‌ಕ್ಲಾಸುಗಳೆಲ್ಲ ಅದರ ಫಲ ಉಣ್ಣುತ್ತವೆ. ಅಪ್ಪ–ಮಗನ ಕಥೆ ಈ ಮುಖ್ಯ ವ್ಯತ್ಯಾಸವನ್ನೇ ಅಳಿಸಿಬಿಡುತ್ತದೆ.

ತಪ್ಪಿನ ಬೇರು ಇರುವುದು ಪಾಠದ ಕ್ರಮದಲ್ಲಿ. ಎನ್‌ಕ್ಯಾಪ್ಸುಲೇಷನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂಬ ನಾಲ್ಕು ಕಂಬಗಳನ್ನು ಮೊದಲ ವಾರವೇ ನಿಲ್ಲಿಸುತ್ತೇವೆ, ಮನೆ ಮಾತ್ರ ಇರುವುದಿಲ್ಲ. ಕಡೂರಿನಿಂದ ತರೀಕೆರೆಯವರೆಗೆ ದ್ವಿತೀಯ ಪಿಯುಸಿಯ ಮಕ್ಕಳು ವರ್ಷಗಟ್ಟಲೆ ಸಿ++ ಪುಸ್ತಕದಲ್ಲಿ ಕಲಿತದ್ದು ಹೀಗೆಯೇ. ಆ ಪ್ರೋಗ್ರಾಮುಗಳ ಮೊದಲ ಸಾಲಿನಲ್ಲಿದ್ದ ‘ಐಒಸ್ಟ್ರೀಮ್ ಡಾಟ್ ಎಚ್’ 1998ರ ಸಿ++ ಮಾನಕದಲ್ಲೇ ಇಲ್ಲ; ಟರ್ಬೊ ಸಿ++ ಜೊತೆಗೆ ನಮ್ಮ ಲ್ಯಾಬ್‌ಗಳಲ್ಲಿ ಅದು ದೀರ್ಘಾಯುಷ್ಯ ಪಡೆಯಿತು. ಈಗ ಪಿಯುಸಿಗೆ ಬಂದಿರುವ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಪೈಥಾನ್ ಇದೆ, ಕ್ಲಾಸ್ ಬರೆಯುವುದಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ: ಲಿಸ್ಟ್, ಡಿಕ್ಷನರಿ, ಫಂಕ್ಷನ್‌ಗಳಲ್ಲಿ ಕೈ ಪಳಗಿದವರಿಗೆ ಕ್ಲಾಸ್ ಏಕೆ ಬೇಕು ಎಂಬ ಪ್ರಶ್ನೆಯಾದರೂ ಹುಟ್ಟುತ್ತದೆ. ತೊಂದರೆ ಶುರುವಾಗುವುದು ಮುಂದೆ. ಎಂಜಿನಿಯರಿಂಗ್‌ಗೆ ಸೇರಿ, ವಿಟಿಯುವಿನ 2022ರ ಯೋಜನೆಯಲ್ಲಿ ಮೂರನೇ ಸೆಮಿಸ್ಟರಿಗೆ ಜಾವಾ ಎದುರಾದಾಗ ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಅನ್ನು ಅರ್ಥ ತಿಳಿಯದ ಮಂತ್ರದಂತೆ ಬಾಯಿಪಾಠ ಮಾಡಬೇಕಾಗುತ್ತದೆ.

ಆಬ್ಜೆಕ್ಟ್ ಎಂಬ ಕಲ್ಪನೆ ಹುಟ್ಟಿದ್ದು ವ್ಯಾಖ್ಯೆಗಳಿಂದಲ್ಲ. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನಿಗಾರ್ಡ್ ಸಿಮ್ಯುಲಾ ಭಾಷೆ ಕಟ್ಟಿದ್ದು ನಿಜ ಜಗತ್ತಿನ ವ್ಯವಸ್ಥೆಗಳು ಕಾಲ ಸರಿದಂತೆ ಹೇಗೆ ನಡೆಯುತ್ತವೆ ಎಂದು ಕಂಪ್ಯೂಟರಿನಲ್ಲಿ ನಡೆಸಿ ನೋಡಲು. ಅಂಥ ವ್ಯವಸ್ಥೆಯೊಂದು ನಮ್ಮಲ್ಲೇ ಇದೆ: ಅಮೃತಮಹಲ್ ರಾಸುಗಳನ್ನು ಹಿಂದೆ ಮಳೆಗಾಲ, ಚಳಿಗಾಲ, ಬೇಸಿಗೆಗೆಂದು ಬೇರೆ ಬೇರೆ ಕಾವಲುಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಮೇಯಿಸುತ್ತಿದ್ದರು. ಕಾವಲು ಬದಲಾದರೂ ರಾಸು ಅದೇ. ಗುರುತು ಉಳಿಯುತ್ತದೆ, ಸ್ಥಿತಿ ಮಾತ್ರ ಬದಲಾಗುತ್ತದೆ. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಆಬ್ಜೆಕ್ಟ್ ಅರ್ಥವಾದಂತೆ. ಕಾವಲು ಬದಲಿಸುವ ಕೆಲಸವನ್ನು ರಾಸಿನ ದಾಖಲೆಯ ಜೊತೆಗೇ ಕಟ್ಟಿಟ್ಟು, ಹೊರಗಿನವರು ನೇರ ಕೈಹಾಕದಂತೆ ನೋಡಿಕೊಂಡರೆ ಎನ್‌ಕ್ಯಾಪ್ಸುಲೇಷನ್‌ನ ಹೆಸರು ಹೇಳುವ ಮೊದಲೇ ಅದರ ಉಪಯೋಗ ಕಾಣುತ್ತದೆ.

ಹಳ್ಳಿಯ ಮಕ್ಕಳಿಗೆ ಸುಲಭದ ಹೋಲಿಕೆ ಬೇಡವೇ ಎಂದು ಕೇಳಬಹುದು. ಬೇಕು, ಆದರೆ ಮುಂದೆ ಮರೆಯಬೇಕಾದ ಹೋಲಿಕೆ ಬೇಡ. ತರೀಕೆರೆಯ ಅಡಿಕೆಯನ್ನೇ ತೆಗೆದುಕೊಂಡು ರಾಶಿ, ಗೊರಬಲು ಎಂಬ ತರಕ್ಕೊಂದು ಸಬ್‌ಕ್ಲಾಸ್ ಮಾಡಿಸಿದರೆ ಉದಾಹರಣೆ ಊರಿನದಾಯಿತೇ ಹೊರತು ಸರಿಯಾಗಲಿಲ್ಲ. ಮಂಡಿಯ ಚೀಟಿಗೆ ತರ ಎಂಬ ಒಂದು ಕಾಲಂ ಸಾಕು. ಕೆಲಸದ ಸಂದರ್ಶನದಲ್ಲಿ ನಾಲ್ಕು ಕಂಬಗಳನ್ನೇ ಕೇಳುತ್ತಾರೆ ಎಂಬ ಆಕ್ಷೇಪಕ್ಕೆ ಹುರುಳಿದೆ. ಆದರೆ ಉತ್ತರ ಒಪ್ಪಿಸಿದ ಮೇಲೆ ‘ಎಲ್ಲಿ, ಬರೆದು ತೋರಿಸಿ’ ಎಂದೂ ಕೇಳುತ್ತಾರೆ. ಮೊದಲಿನಿಂದಲೇ ಕ್ಲಾಸ್ ಕಲಿಸದಿದ್ದರೆ ಕೆಟ್ಟ ಚಾಳಿ ಅಂಟುತ್ತದೆ ಎಂಬ ವಾದವೂ ಉಂಟು. ಅದಕ್ಕೆ ಜಾವಾದವರೇ ಉತ್ತರ ಕೊಟ್ಟಿದ್ದಾರೆ: 2025ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 25ರಲ್ಲಿ ಮೊದಲ ಪ್ರೋಗ್ರಾಮಿಗೆ ಕ್ಲಾಸ್ ಘೋಷಿಸಬೇಕಾಗಿಲ್ಲ, ‘ಪಬ್ಲಿಕ್ ಸ್ಟ್ಯಾಟಿಕ್’ ಕೂಡ ಬೇಕಿಲ್ಲ.