‘ಅಪರಿಚಿತರ ಲಗತ್ತು ತೆರೆಯಬೇಡಿ’: ಸಾಲದ ಪಾಠ

ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ತರಗತಿಯಲ್ಲಿ ನಾವು ಹೇಳುವ ಮೊದಲ ಮಾತು, ಅಪರಿಚಿತರ ಇ-ಮೇಲ್ ಲಗತ್ತನ್ನು ತೆರೆಯಬೇಡಿ ಎಂಬುದು. ಮಾತು ಸುಳ್ಳಲ್ಲ, ಆದರೆ ಸಾಲದು. 2000ನೇ ಇಸವಿಯ ಮೇ 4ರಂದು ಜಗತ್ತಿನಾದ್ಯಂತ ಹರಡಿದ ‘ಐ ಲವ್ ಯೂ’ ಎಂಬ ಕಂಪ್ಯೂಟರ್ ಹುಳು ಬಂದದ್ದು ಅಪರಿಚಿತರಿಂದಲ್ಲ. ಔಟ್‌ಲುಕ್‌ನ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ಅದು ತನ್ನನ್ನು ತಾನೇ ಕಳಿಸಿಕೊಂಡಿತು. ಪಡೆದವರಿಗೆ ಕಂಡದ್ದು ಗೆಳೆಯರ, ಸಹೋದ್ಯೋಗಿಗಳ ಹೆಸರು. ಲಗತ್ತು ‘ಟಿಎಕ್ಸ್‌ಟಿ’ ಎಂದು ಮುಗಿಯುವ ಬರೀ ಬರಹದಂತಿತ್ತು. ಅದರಾಚೆಗಿದ್ದ ‘ವಿಬಿಎಸ್’ ಎಂಬ ಬಾಲವನ್ನು ಅನೇಕ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ತಾನೇ ಮರೆಮಾಡಿತ್ತು. ಆ ಬಾಲವೇ ಅದೊಂದು ಪ್ರೋಗ್ರಾಂ ಎಂದು ಹೇಳುವಂಥದ್ದು!

ನನ್ನ ಮುಖ್ಯ ಆಕ್ಷೇಪ ಈ ಮರೆಮಾಚುವಿಕೆಗೆ. ವಿಂಡೋಸ್ 11ರಲ್ಲೂ ಎಕ್ಸ್‌ಟೆನ್ಷನ್ ಅಡಗಿಸುವುದೇ ಮೂಲ ವ್ಯವಸ್ಥೆ. ಬ್ಯಾಡಗಿ ಪೇಟೆಯಲ್ಲಿ ಖರೀದಿದಾರರು ಚೀಲದ ಮೇಲಿನ ಬರಹ ಓದಿ ಮೆಣಸಿನಕಾಯಿಗೆ ಧಾರಣೆ ಹೇಳುವುದಿಲ್ಲ. ಹಿಡಿ ಕಾಯಿ ತೆಗೆದು ಬಣ್ಣ, ಸುಕ್ಕು, ತೇವ ನೋಡುತ್ತಾರೆ. ಅದೇ ವರ್ತಕರಾಗಲಿ, ರಾಣೆಬೆನ್ನೂರಿನ ಬೀಜದಂಗಡಿಯವರಾಗಲಿ, ಪರಿಚಿತ ವಿಳಾಸದಿಂದ ‘ಬಿಲ್’ ಎಂಬ ಲಗತ್ತು ಬಂದರೆ ಹೆಸರನ್ನೂ ಚಿತ್ರವನ್ನೂ ನಂಬಿ ಒತ್ತಿಬಿಡಬಹುದು. ಪ್ರೋಗ್ರಾಂ ತಯಾರಿಸಿದವನು ಅದಕ್ಕೆ ಪಿಡಿಎಫ್ ಚಿತ್ರವನ್ನೇ ಅಂಟಿಸಬಲ್ಲ. ಉರ್ದು, ಅರಬ್ಬಿಯಂಥ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗಾಗಿ ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಸಂಕೇತವೊಂದಿದೆ. ಅದನ್ನು ಹೆಸರಿನೊಳಗೆ ತುರುಕಿದರೆ ನಿಜವಾದ ‘ಇಎಕ್ಸ್‌ಇ’ ನಡುವೆ ಸೇರಿ, ಕೊನೆಗೆ ‘ಪಿಡಿಎಫ್’ ಕಾಣುತ್ತದೆ. ಎಕ್ಸ್‌ಟೆನ್ಷನ್ ತೋರಿಸುವಂತೆ ಮಾಡಿದ್ದರೂ ಇಲ್ಲಿ ಮೋಸವೇ. ಆಗ ‘ಟೈಪ್’ ಎಂಬ ಕಾಲಂ ನೋಡಬೇಕು. ಅದು ‘ಅಪ್ಲಿಕೇಶನ್’ ಎಂದಿದ್ದರೆ ಬಿಲ್ಲಲ್ಲ.

ಹಾವೇರಿ ಜಿಲ್ಲೆಯ ಯಾವ ಶಾಲೆಯಲ್ಲೂ ಮಾಡಬಹುದಾದ ಪ್ರಯೋಗ ಒಂದಿದೆ. ನೋಟ್‌ಪ್ಯಾಡಿನ ಇಎಕ್ಸ್‌ಇ ಫೈಲಿನ ಪ್ರತಿಯೊಂದನ್ನು ನೋಟ್‌ಪ್ಯಾಡಿನಲ್ಲೇ ತೆರೆಯಿಸಿ. ಗೋಜಲು ಅಕ್ಷರಗಳ ಆರಂಭದಲ್ಲಿ ‘ಎಂ’, ‘ಜೆಡ್’ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಪಿಡಿಎಫ್ ಆದರೆ ಶೇಕಡಾ ಚಿಹ್ನೆ, ಅದರ ಹಿಂದೆ ‘ಪಿಡಿಎಫ್’. ಹೆಸರು ಬದಲಿಸಿ ನೋಡಿ, ಈ ಅಕ್ಷರಗಳು ಬದಲಾಗವು. ವಿದ್ಯಾರ್ಥಿಗಳಿಗೆ ಇದು ಹತ್ತು ಉಪದೇಶಕ್ಕಿಂತ ಚೆನ್ನಾಗಿ ನಾಟುತ್ತದೆ.

ಹಾಗೆಂದು ಇದೂ ಪೂರ್ಣ ಪರೀಕ್ಷೆಯಲ್ಲ. ಜಿಪ್, ವರ್ಡ್‌ನ ಡಾಕ್ಸ್, ಮೊಬೈಲಿನ ಎಪಿಕೆ, ಮೂರೂ ‘ಪಿ’, ‘ಕೆ’ ಎಂದೇ ಆರಂಭವಾಗುತ್ತವೆ. ಪಾಸ್‌ವರ್ಡ್ ಹಾಕಿದ ಜಿಪ್‌ನ ಒಳಗನ್ನು ವೈರಸ್ ನಿರೋಧಕವೂ ಸಾಮಾನ್ಯವಾಗಿ ಕಾಣಲಾರದು. ಪಾಸ್‌ವರ್ಡನ್ನು ಅದೇ ಪತ್ರದಲ್ಲಿ ಬರೆದು ಕಳಿಸಿದ್ದರೆ ಅನುಮಾನ ಹೆಚ್ಚಬೇಕು. ಈಚೆಗೆ ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್ ಎಂದು ಬರುತ್ತಿರುವ ಎಪಿಕೆಗಳದೂ ಇದೇ ಜಾತಿ. ಲಗ್ನಪತ್ರಿಕೆ ಓದಲು ಆ್ಯಪ್ ಅಳವಡಿಸುವ ಅಗತ್ಯವೇ ಇಲ್ಲ. ಕಳಿಸಿದವರು ನೆಂಟರೇ ಆಗಿದ್ದರೆ ಒಂದು ಫೋನ್ ಮಾಡಿ ಕೇಳಿ. ಒತ್ತಿ ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಿ.