‘ಸುಂದೆಲ್ ಬೋಲೊಂಗ್’: ಭಯಾನಕವೋ ಕರುಣವೋ?

ಜಾವಾದ್ವೀಪದ ಜನರು ಹೇಳುವ ‘ಸುಂದೆಲ್ ಬೋಲೊಂಗ್’ ಎಂಬ ಪ್ರೇತವು ತನ್ನ ಬೆನ್ನಿನ ಕುಳಿಯನ್ನು ನೀಳವಾದ ಕೇಶರಾಶಿಯಿಂದ ಮರೆಸಿಕೊಂಡಿರುವುದು. ಗರ್ಭಿಣಿಯಾಗಿ ಸತ್ತವಳ ಶಿಶುವು ಗೋರಿಯೊಳಗೆ ಆ ಬೆನ್ನನ್ನು ಭೇದಿಸಿ ಹುಟ್ಟಿತೆಂಬುದು ಐತಿಹ್ಯ. 1981ರಲ್ಲಿ ಸಿಸ್ವೊರೊ ಗೌತಮ ಪುತ್ರ ಅವರು ಇದೇ ಹೆಸರಿನಿಂದ ನಿರ್ದೇಶಿಸಿದ ಚಲಚ್ಚಿತ್ರದಲ್ಲಿ ಸುಝಾನ್ನಾ ಎಂಬ ನಟಿಯು ಅಲೀಸಳ ಪಾತ್ರವನ್ನು ವಹಿಸಿರುವರು. ದುರುಳರಿಂದ ಮಾನಭಂಗಕ್ಕೊಳಗಾದ ಅಲೀಸಳಿಗೆ ನ್ಯಾಯಸ್ಥಾನದಲ್ಲಿ ನ್ಯಾಯವು ದೊರೆಯದು. ಪ್ರಾಣಬಿಟ್ಟು ಪ್ರೇತವಾದ ಮೇಲೆಯೇ ಅವಳು ಅವರನ್ನು ದಂಡಿಸಬೇಕಾಗುವುದು. ಆದುದರಿಂದ ಮೇಲ್ನೋಟಕ್ಕೆ ಭಯಾನಕವೆಂದು ತೋರುವ ಈ ಕೃತಿಯ ಅಂಗಿರಸವು ಕರುಣವೇ ಸರಿ. ಆದರೆ ಕಡೆಯಲ್ಲಿ ಧರ್ಮಗುರುವಿನ ಪ್ರಾರ್ಥನೆಯಿಂದ ಪ್ರೇತವು ಶಾಂತವಾಗುವುದರೊಡನೆ ಕಥೆಯೂ ಮುಗಿದುಹೋಗುವುದು. ಊರಿನ ಭಯವೇನೋ ತೀರಿತು. ಅವಳಿಗಾದ ಅನ್ಯಾಯದ ಮಾತು ಅಲ್ಲಿಗೇ ನಿಂತಿತು. ಕೇಶವು ಕುಳಿಯನ್ನು ಮರೆಸುವಂತೆ ಈ ಮುಕ್ತಾಯವೂ ನ್ಯಾಯಸ್ಥಾನದ ಲೋಪವನ್ನು ಮರೆಸಿತೇ ಹೊರತು ತುಂಬಲಿಲ್ಲ.