ಮಡಕಶಿರಾದ ‘ಫಾರ್’, ರಾಯದುರ್ಗದ ‘ಸಿನ್ಸ್’

‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್.’ ಚೆನ್ನಾಗಿ ಇಂಗ್ಲಿಷ್ ಬಲ್ಲವರ ಬಾಯಲ್ಲೂ ಈ ಮಾತು ಸಲೀಸಾಗಿ ಬಂದುಬಿಡುತ್ತದೆ. ಕೆಂಪು ಮಸಿಯ ಮೇಷ್ಟ್ರಿಗೆ ಇದು ತಪ್ಪು. ನನ್ನ ಕಿವಿಗೆ ಅಪ್ಪಟ ಕನ್ನಡ. ‘ಹತ್ತು ವರ್ಷದಿಂದ ಇಲ್ಲೇ ಇದ್ದೀನಿ.’ ರಾಯದುರ್ಗ, ಮಡಕಶಿರಾ ಕಡೆಯ ಮಕ್ಕಳು ತೆಲುಗಿಗೆ ಹೊರಳಿದರೂ ಪಾರಾಗುವುದಿಲ್ಲ. ನಮ್ಮ ‘ಇಂದ’ದ ಕೆಲಸವನ್ನೇ ಅಲ್ಲಿ ‘ನುಂಚಿ’ ಮಾಡುತ್ತದೆ.

ಇಂಗ್ಲಿಷ್ ಇಲ್ಲಿ ಜಿಪುಣ ಶಾನುಭೋಗ. ಶುರುವಾದ ಗಳಿಗೆಗೆ ‘ಸಿನ್ಸ್’, ಹಿಡಿದ ಕಾಲಕ್ಕೆ ‘ಫಾರ್’, ಎರಡಕ್ಕೂ ಬೇರೆ ಬೇರೆ ಖಾತೆ. ಇನ್ನೂ ನಡೆದಿದ್ದರೆ ‘ಹ್ಯಾಸ್ ಬೀನ್’, ಮುಗಿದಿದ್ದರೆ ‘ವಾಸ್’. ಇದನ್ನು ಕಲಿಸಲು ಈ ಎರಡು ಊರುಗಳ ಚರಿತ್ರೆಯೇ ಸಾಕು. 1953ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆ ಸಂಬಂಧಕ್ಕೆ ‘ವಾಸ್’. ಆ ವರ್ಷ ಅಕ್ಟೋಬರ್ 1ಕ್ಕೆ ಆದೋನಿ, ಆಲೂರುಗಳ ಜತೆ ಆಂಧ್ರಕ್ಕೆ ಹೋಯಿತು, ಈಗಲೂ ಅಲ್ಲೇ ಇದೆ: ‘ಹ್ಯಾಸ್ ಬೀನ್ ಇನ್ ಆಂಧ್ರ ಸಿನ್ಸ್ 1953’. ಮಡಕಶಿರಾದ್ದು ಇನ್ನೂ ಸೊಗಸು. 1882ರಲ್ಲಿ ಅನಂತಪುರ ಜಿಲ್ಲೆ ಹುಟ್ಟಿದಾಗ ಅದರ ಪಾಲಿಗೆ ಬಂದ ತಾಲ್ಲೂಕು, 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹಾಗಾಗಿ ‘ವಾಸ್ ಇನ್ ಅನಂತಪುರ ಡಿಸ್ಟ್ರಿಕ್ಟ್ ಫಾರ್ 140 ಇಯರ್ಸ್’. ‘ಫಾರ್’ ಕಂಡಲ್ಲೆಲ್ಲ ‘ಹ್ಯಾಸ್ ಬೀನ್’ ಅಂಟಿಸುವ ಜಾಣ ಹುಡುಗ ಎಡವುವುದು ಇಲ್ಲೇ. (ಅಂಟಿಸುವುದನ್ನು ಕಲಿಸಿದವರೂ ನಾವೇ ಅನ್ನಿ.)

ಹಾಗಂತ ಕನ್ನಡಕ್ಕೆ ಈ ಸೂಕ್ಷ್ಮ ತಿಳಿಯದೆಂದಲ್ಲ. ‘ಇದ್ದೇನೆ’ ಎಂಬುದನ್ನು ಬಿಡಿಸಿ ನೋಡಿ. ವರ್ತಮಾನವೇನೋ ಸರಿ, ಒಳಗೆ ಕೂತಿರುವುದು ‘ಇರು’ ಧಾತುವಿನ ಭೂತರೂಪ ‘ಇದ್ದು’. ನಿನ್ನೆಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಇವತ್ತಿಗೆ ಬಂದ ಕ್ರಿಯಾಪದ! ‘ಹ್ಯಾವ್ ಬೀನ್’ಗೆ ಇದಕ್ಕಿಂತ ಹತ್ತಿರದ ನೆಂಟ ನಮ್ಮಲ್ಲಿಲ್ಲ. ‘ಇರುತ್ತೇನೆ’ ಎಂದರೆ ಮುಖ ನಾಳೆಯ ಕಡೆ ತಿರುಗಿತು.

ಚೆನ್ನಾಗಿ ಕಲಿತವರೂ ಜಾರುವ ಜಾಗ ಇನ್ನೊಂದಿದೆ. ‘ಎಷ್ಟು ದಿನದಿಂದ ಇದ್ದೀರಿ’ ಎನ್ನಲು ‘ಹೌ ಲಾಂಗ್ ಆರ್ ಯು ಹಿಯರ್’ ಎನ್ನುತ್ತೇವೆ. ಇಂಗ್ಲಿಷ್ ಕಿವಿಗೆ ಅದು ಸಾಮಾನ್ಯವಾಗಿ ‘ಎಷ್ಟು ದಿನ ಇರ್ತೀರಿ’ ಎಂದೇ ಕೇಳುತ್ತದೆ. ಹೇಮಾವತಿಯ ನೊಳಂಬರ ಗುಡಿ ನೋಡಲು ಬಂದ ಇಂಗ್ಲೆಂಡಿನವರನ್ನು ಹೀಗೆ ವಿಚಾರಿಸಿ ನೋಡಿ. ಬಂದು ಎಷ್ಟು ದಿನವಾಯಿತೆಂದು ನೀವು ಕಾಯುತ್ತಿದ್ದರೆ ಅವರು, ‘ಭಾನುವಾರದ ತನಕ’ ಎಂದಾರು.